ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಆಸ್ಪತ್ರೆಯಲ್ಲಿ ಕಿವಿಗೆ ಬೀಳುವ ಮಾತುಗಳಲ್ಲಿ ಎಲ್ಲರಿಗೂ ಇಷ್ಟವಾದದ್ದು ‘ರಿಪೋರ್ಟ್ ನಾರ್ಮಲ್ ಇದೆ’ ಎಂಬುದು. ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಬೆವರುತ್ತಾ ಕೂತ ಅಪ್ಪ ಅದನ್ನು ಕೇಳಿ ಮೇಲೆ ನೋಡಿ ಕೈ ಮುಗಿಯುತ್ತಾರೆ, ಅಮ್ಮ ಹೊತ್ತ ಹರಕೆಯನ್ನು ನೆನಪಿಸಿಕೊಳ್ಳುತ್ತಾರೆ. ಹೊಟ್ಟೆ ಹಿಡಿದುಕೊಂಡು ಬಂದ ಹುಡುಗಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ನೋವು ಮೈಯಲ್ಲಿದೆ, ಕಾಗದದಲ್ಲಿಲ್ಲ. ಮನೆಯವರು ನಂಬುವುದು ಕಾಗದವನ್ನು. ಮುಂದಿನ ತಿಂಗಳು ಮತ್ತೆ ನೋವು ಎಂದರೆ ‘ಎಲ್ಲ ನಾರ್ಮಲ್ ಅಂದಿದಾರಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೇ ಇನ್ನಷ್ಟು ತಿಂಗಳು ಕಳೆದರೆ ಆಕೆಗೇ ತನ್ನ ಮೇಲೆ ಅನುಮಾನ ಹುಟ್ಟುತ್ತದೆ: ನನಗೇ ಸಹಿಸಿಕೊಳ್ಳೋಕೆ ಬರಲ್ವೇನೋ.

ವರ್ಷಗಟ್ಟಲೆ ಹೆಸರು ಸಿಗದೆ ಸತಾಯಿಸುವ ಕಾಯಿಲೆಗಳು ಹಲವಿವೆ. ಲೂಪಸ್ ಇದೆ, ಶ್ವಾಸಕೋಶ ಬಿಟ್ಟು ಬೇರೆಡೆ ಕೂರುವ ಕ್ಷಯವಿದೆ, ಬೆನ್ನು ಬಿಗಿಯುವ ಸಂಧಿವಾತಗಳಿವೆ. ಇಲ್ಲಿ ನಾನು ಒಂದನ್ನೇ ಹಿಡಿದುಕೊಳ್ಳುತ್ತೇನೆ, ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಪಕ್ಕ, ಮೂತ್ರಕೋಶದ ಹತ್ತಿರ ಬೆಳೆಯುವ ಕಾಯಿಲೆ ಇದು. ತಿಂಗಳು ತಿಂಗಳು ಹಾರ್ಮೋನಿನ ಏರಿಳಿತಕ್ಕೆ ಅಲ್ಲೂ ಉರಿಯೂತ ಏಳುತ್ತದೆ, ಗಾಯ ಮಾಗಿದಂತೆ ಗಂಟು ಕಟ್ಟುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲವಾದರೆ ಅದಕ್ಕೆ ‘ಚಾಕೊಲೇಟ್ ಸಿಸ್ಟ್’ ಎಂಬ ಹೆಸರು. ಇಷ್ಟು ಕಹಿಯಾದ ವಸ್ತುವಿಗೆ ಚಾಕೊಲೇಟಿನ ಹೆಸರಿಟ್ಟವರ ರುಚಿಯ ಬಗ್ಗೆ ನನಗೆ ಅನುಮಾನವಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ, ಅಂದರೆ ಜಗತ್ತಿನಲ್ಲಿ 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ಅಪರೂಪದ್ದೇನಲ್ಲ. ಆದರೂ ಮೊದಲ ನೋವಿನಿಂದ ಕಾಯಿಲೆಗೆ ಹೆಸರು ಸಿಗುವ ತನಕ ಹಲವು ವರ್ಷ ಹಿಡಿಯುವುದು ನಮ್ಮಲ್ಲಷ್ಟೇ ಅಲ್ಲ, ಯುರೋಪು ಅಮೆರಿಕಗಳಲ್ಲೂ ಮಾಮೂಲು.

ತಡ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ‘ನಮಗೂ ಆಗ್ತಿತ್ತು, ಮೆಂತ್ಯದ ನೀರು ಕುಡಿ, ಸರಿಹೋಗುತ್ತೆ.’ ಹೇಳುವ ಅಜ್ಜಿಯ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಆಕೆಗೂ ಅದೇ ಕಾಯಿಲೆ ಇದ್ದಿರಬಹುದು, ಯಾರೂ ನೋಡಿರಲಿಲ್ಲ, ಅಷ್ಟೆ. ತಾಯಿಗೋ ಅಕ್ಕನಿಗೋ ಇದ್ದರೆ ಇವಳಿಗೆ ಬರುವ ಸಾಧ್ಯತೆ ಹೆಚ್ಚು; ಹಾಗಾಗಿ ಅಜ್ಜಿಯ ಆ ಮಾತು ಸಮಾಧಾನವಾಗುವ ಬದಲು ಡಾಕ್ಟರಿಗೆ ಹೇಳಬೇಕಾದ ಮಾಹಿತಿಯಾಗಬೇಕಿತ್ತು. ಅದರ ಮೇಲೆ ‘ಮದುವೆಯಾದರೆ ಸರಿಹೋಗುತ್ತೆ’, ಮದುವೆಯಾದ ಮೇಲೆ ‘ಒಂದು ಮಗು ಆದರೆ ಸರಿಹೋಗುತ್ತೆ’. ಮಗುವಾಗದಿದ್ದಾಗ ನಾಗದೋಷದ ಮಾತು ಬಂದು ಕುಕ್ಕೆಗೆ ಬಸ್ಸು ಹತ್ತುತ್ತಾರೆ. ಹೋಗಿಬರಲಿ, ತಪ್ಪಿಲ್ಲ. ಆದರೆ ಮಕ್ಕಳಾಗದಿರುವುದಕ್ಕೂ ಹದಿನಾಲ್ಕನೇ ವಯಸ್ಸಿನಿಂದ ಇದ್ದ ಹೊಟ್ಟೆನೋವಿಗೂ ನಂಟಿರಬಹುದೆಂದು ಯಾರಾದರೂ ಒಬ್ಬರು ನೆನಪಿಸಬೇಕು.

ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ತಡಕ್ಕೆ ಬೇರೆ ಕಾರಣಗಳು ಸಿಗುತ್ತವೆ. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತಾಗ ಪ್ರಾಣ ಹೋಗುವಂತಾದರೆ ಹೊಟ್ಟೆಯ ಡಾಕ್ಟರು ಕರುಳಿನ ಕಿರಿಕಿರಿ ಎನ್ನುತ್ತಾರೆ. ಮೂತ್ರಕ್ಕೆ ಹೋದಾಗ ಉರಿಯಾದರೆ ಆಂಟಿಬಯಾಟಿಕ್ ಕೋರ್ಸು. ಸೊಂಟ ಕಾಲು ಎಳೆದರೆ ಮೂಳೆ ಡಾಕ್ಟರು, ಒಂದು ಎಕ್ಸ್‌ರೇ, ಒಂದು ಬೆಲ್ಟು. ಒಬ್ಬೊಬ್ಬರ ಹತ್ತಿರವೂ ಒಂದೊಂದು ಫೈಲು. ಈ ನೋವುಗಳೆಲ್ಲ ತಿಂಗಳ ಅದೇ ದಿನಗಳಲ್ಲಿ ಬರುತ್ತಿವೆ ಎಂಬುದನ್ನು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದವರಿಲ್ಲ. ನೋಡಬಲ್ಲವಳು ಒಬ್ಬಳೇ, ನೋವು ತಿನ್ನುತ್ತಿರುವವಳು.

ಸ್ಕ್ಯಾನಿಂಗ್ ಎಂಬುದು ಟಾರ್ಚಿನ ಹಾಗೆ, ಬೆಳಕು ಬಿದ್ದಷ್ಟು ಜಾಗ ಕಾಣುತ್ತದೆ. ಹೊಟ್ಟೆಯ ಮೇಲಿಂದ ಮಾಡುವ ಮಾಮೂಲಿ ಅಲ್ಟ್ರಾಸೌಂಡಿನಲ್ಲಿ ಚಾಕೊಲೇಟ್ ಸಿಸ್ಟ್ ಕಂಡೀತು. ಹೊಟ್ಟೆಯೊಳಗಿನ ಪೊರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಹರಡಿದ್ದು, ಕರುಳಿನ ಹಿಂದೆ ಆಳಕ್ಕಿಳಿದದ್ದು ಸುಲಭವಾಗಿ ಕಾಣುವುದಿಲ್ಲ. ಯೋನಿಯ ಒಳಗಿಂದ ಮಾಡುವ ಸ್ಕ್ಯಾನಿನಲ್ಲಿ, ಅದೂ ಈ ಕಾಯಿಲೆ ನೋಡಿ ಪಳಗಿದವರು ಮಾಡಿದರೆ, ಹೆಚ್ಚು ಕಾಣುತ್ತದೆ. ಆದರೆ ನಮ್ಮ ಸ್ಕ್ಯಾನಿಂಗ್ ಕೋಣೆಯ ಮೊದಲ ಪ್ರಶ್ನೆ ‘ಮದುವೆ ಆಗಿದೆಯಾ?’. ಇಲ್ಲವೆಂದರೆ ಆ ಸ್ಕ್ಯಾನಿನ ಮಾತೇ ಬರುವುದಿಲ್ಲ. ಹಾಗಿದ್ದಾಗ ಎಂಆರ್‌ಐ ಒಂದು ದಾರಿ. ಅದೂ ಇದೆಯೆಂದು ಹೇಳುವವರು ಬೇಕು, ಇಲ್ಲವೇ ಕೇಳುವವರು.

ಇನ್ನೊಂದು ವಿಚಿತ್ರವೂ ಇದೆ. ಈ ಕಾಯಿಲೆಯಲ್ಲಿ ಹರಡಿಕೆಗೂ ನೋವಿಗೂ ಲೆಕ್ಕ ಕೂಡುವುದಿಲ್ಲ. ಕಾಯಿಲೆ ಕೊನೆಯ, ಅಂದರೆ ನಾಲ್ಕನೇ ಹಂತ ಮುಟ್ಟಿದವಳಿಗೆ ನೋವೇ ಇಲ್ಲದೆ ಬಂಜೆತನದ ತಪಾಸಣೆಯಲ್ಲಿ ಗೊತ್ತಾಗಬಹುದು. ನಾಲ್ಕಾರು ಚುಕ್ಕಿಗಳಷ್ಟೇ ಇರುವವಳು ನೆಲದಲ್ಲಿ ಹೊರಳಾಡಬಹುದು. ‘ಇಷ್ಟು ಚಿಕ್ಕದಕ್ಕೆ ಅಷ್ಟು ನೋವು ಬರಲ್ಲಮ್ಮ’ ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಕಾಯಿಲೆಯ ಪರಿಚಯ ಸಾಲದೆಂದೇ ಅರ್ಥ.

ಬ್ರಿಟನ್ನಿನ ಕಾದಂಬರಿಕಾರ್ತಿ ಹಿಲರಿ ಮ್ಯಾಂಟೆಲ್ 2009 ಮತ್ತು 2012ರಲ್ಲಿ ಎರಡು ಸಲ ಬೂಕರ್ ಪಡೆದವರು. ಕಾನೂನು ಓದುತ್ತಿದ್ದ ಹರೆಯದಲ್ಲೇ ಕಾಲು, ಹೊಟ್ಟೆ ಎಂದು ನೋವು ಶುರುವಾಯಿತು. ಡಾಕ್ಟರುಗಳು ಇದು ಮನಸ್ಸಿನ ತೊಂದರೆಯೆಂದು ಖಿನ್ನತೆಯ ಮಾತ್ರೆ ಕೊಟ್ಟರು, ಆಮೇಲೆ ಅದಕ್ಕಿಂತ ಪ್ರಬಲವಾದವನ್ನು ಕೊಟ್ಟರು. ಆ ಮಾತ್ರೆಗಳ ಅಡ್ಡ ಪರಿಣಾಮದಿಂದ ಆಕೆ ಕೂತಲ್ಲಿ ಕೂರಲಾರದೆ ಚಡಪಡಿಸಿದಾಗ ಅದೇ ಚಡಪಡಿಕೆ ಮನೋರೋಗಕ್ಕೆ ಸಾಕ್ಷಿಯೂ ಆಯಿತು. ಬರೆಯುವುದನ್ನು ನಿಲ್ಲಿಸು ಎಂದೂ ಮನೋವೈದ್ಯರೊಬ್ಬರು ಹೇಳಿದ್ದರು! ಗಂಡನ ಕೆಲಸಕ್ಕಾಗಿ ಬೋಟ್ಸ್‌ವಾನಾಕ್ಕೆ ಹೋದಾಗ ವೈದ್ಯಕೀಯ ಪಠ್ಯಪುಸ್ತಕವೊಂದನ್ನು ತಿರುವಿಹಾಕಿ ತನ್ನ ಕಾಯಿಲೆಯ ಹೆಸರನ್ನು ಆಕೆಯೇ ಪತ್ತೆಮಾಡಿದರು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾದಾಗ ವಯಸ್ಸು 27. ಗರ್ಭಕೋಶ, ಅಂಡಾಶಯ ಎಲ್ಲ ಹೋದವು. ಅಷ್ಟಾದರೂ ನೋವು ಮರಳಿ ಬಂತು. 2003ರಲ್ಲಿ ಪ್ರಕಟವಾದ ‘ಗಿವಿಂಗ್ ಅಪ್ ದ ಘೋಸ್ಟ್’ ಎಂಬ ಆತ್ಮಕಥನದಲ್ಲಿ ಇದನ್ನೆಲ್ಲ ಬರೆದಿದ್ದಾರೆ.

ಪುಸ್ತಕ ಓದಿ ಕಾಯಿಲೆ ಕಂಡುಹಿಡಿದ ಈ ಕತೆಯನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ. ಎಷ್ಟು ಮಂದಿ ತಜ್ಞರು ತಲೆಯ ತೊಂದರೆ ಎಂದರೂ ‘ನನ್ನ ಹೊಟ್ಟೆ ನೋಯುತ್ತಿದೆ’ ಎಂಬ ಸರಳ ವಾಕ್ಯವನ್ನು ಆಕೆ ವಾಪಸು ತೆಗೆದುಕೊಳ್ಳಲಿಲ್ಲ. ದೀರ್ಘ ತಪಾಸಣೆಯ ದಾರಿಯಲ್ಲಿ ಆತ್ಮವಿಶ್ವಾಸ ಎಂದರೆ ನನ್ನ ಪ್ರಕಾರ ಇಷ್ಟೇ. ‘ನನಗೆ ಇಂಥದ್ದೇ ಕಾಯಿಲೆ’ ಎಂದು ಹಟ ಹಿಡಿಯುವುದು ಆತ್ಮವಿಶ್ವಾಸವಲ್ಲ. ಗೂಗಲ್ ನೋಡಿ ಎಂಡೊಮೆಟ್ರಿಯೋಸಿಸ್ ಎಂದುಕೊಂಡದ್ದು ಗರ್ಭಕೋಶದ ಗಡ್ಡೆಯಾಗಿರಬಹುದು, ನಮ್ಮ ದೇಶದಲ್ಲಂತೂ ಜನನಾಂಗದ ಕ್ಷಯವೂ ಆಗಿರಬಹುದು. ಕಾಯಿಲೆಯ ಹೆಸರು ಡಾಕ್ಟರು ಹೇಳಲಿ, ಬದಲಾಯಿಸಲಿ, ಹಿಂದೆಗೆದುಕೊಳ್ಳಲಿ. ನೋವು ಇದೆಯೋ ಇಲ್ಲವೋ ಎಂಬುದನ್ನು ಹೇಳುವ ಅಧಿಕಾರ ಮಾತ್ರ ನಿಮ್ಮದು, ಅದನ್ನು ಯಾವ ಲ್ಯಾಬಿಗೂ ಒಪ್ಪಿಸಬೇಕಾಗಿಲ್ಲ.

ಹಾಗೆಂದು ಮನೋವೈದ್ಯರನ್ನು ನೋಡಿ ಎಂದೊಡನೆ ಸಿಟ್ಟಾಗಬೇಕಿಲ್ಲ. ವರ್ಷಗಟ್ಟಲೆ ನೋವು ತಿಂದವರಿಗೆ ಆತಂಕ, ನಿದ್ದೆಗೇಡು ಬರುವುದು ಸಹಜ, ಅದಕ್ಕೂ ಚಿಕಿತ್ಸೆ ಬೇಕು. ‘ನೋಡ್ತೀನಿ ಡಾಕ್ಟ್ರೇ, ಜತೆಗೆ ಹೊಟ್ಟೆಯ ತಪಾಸಣೆಯೂ ಮುಂದುವರಿಯಲಿ’ ಎಂದರೆ ಎರಡೂ ನಡೆಯುತ್ತವೆ.

ಇನ್ನು ಡಾಕ್ಟರರ ಕಡೆಯಿಂದಲೂ ನೋಡೋಣ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆ ಒಂದು ಅಧ್ಯಯನ ಪ್ರಕಟಿಸಿತ್ತು. ಪ್ರಾಥಮಿಕ ಹಂತದ ಡಾಕ್ಟರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22 ನಿಮಿಷ ದಾಟುತ್ತದೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು ಎರಡು ನಿಮಿಷ. ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಾರೆಂದು 1984ರಷ್ಟು ಹಿಂದೆಯೇ ಅಮೆರಿಕದ ಅಧ್ಯಯನವೊಂದು ಹೇಳಿತ್ತು. ನಮ್ಮ ಜಿಲ್ಲಾಸ್ಪತ್ರೆಯ ಒಪಿಡಿಯಲ್ಲಿ, ಹೊರಗೆ ಚೀಟಿ ಹಿಡಿದು ನಿಂತ ಸಾಲನ್ನು ನೋಡುತ್ತಾ ಕೂತ ಡಾಕ್ಟರಿಗೆ 18 ಸೆಕೆಂಡೂ ಉದಾರವೇ. ಕೆಟ್ಟತನದಿಂದಲ್ಲ, ಸಮಯವಿಲ್ಲದ್ದರಿಂದ ತಪ್ಪಿಹೋಗುವುದೇ ಹೆಚ್ಚು.

ಆದ್ದರಿಂದ ಆ ಎರಡು ನಿಮಿಷಕ್ಕೆ ಮನೆಯಲ್ಲೇ ತಯಾರಾಗಬೇಕು. ‘ತುಂಬಾ ನೋವು ಡಾಕ್ಟ್ರೇ’ ಎಂಬ ಮಾತು ದಿನಕ್ಕೆ ನೂರು ಸಲ ಅವರ ಕಿವಿಗೆ ಬೀಳುತ್ತದೆ, ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ‘ಮುಟ್ಟಿನ ಹಿಂದಿನ ದಿನ ಶುರುವಾಗುತ್ತೆ, ಮೂರನೇ ದಿನದವರೆಗೆ ಇರುತ್ತೆ. ಮೆಫ್ಟಾಲ್ ದಿನಕ್ಕೆ ಮೂರು ತಗೊಂಡ್ರೂ ನಿಲ್ಲಲ್ಲ. ಆ ದಿನಗಳಲ್ಲಿ ಟಾಯ್ಲೆಟ್‌ಗೆ ಕೂತ್ರೆ ಚಾಕು ಹಾಕಿದ ಹಾಗಾಗುತ್ತೆ. ಹೋದ ಆರು ತಿಂಗಳಲ್ಲಿ ಪ್ರತಿ ಸಲವೂ ಎರಡು ದಿನ ಕೆಲಸಕ್ಕೆ ರಜೆ ಹಾಕಿದೀನಿ’ ಎಂದು ನೋಡಿ, ಪೆನ್ನು ಕಾಗದದ ಮೇಲೆ ಓಡುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಗುರುತು ಹಾಕಬಹುದು. ಬಸ್ಸು ಹಂಪ್ ಹಾರಿದಾಗ ಸೀಟಿನಿಂದ ಎದ್ದು ನಿಲ್ಲಬೇಕಾಯಿತು, ನೆಲದಲ್ಲಿ ಕೂತವಳು ಗೋಡೆ ಹಿಡಿದು ಎದ್ದೆ ಎಂಬಂಥ ಸಂಗತಿಗಳನ್ನೂ ಬಿಡಬಾರದು. ನೋವಿನಿಂದ ಯಾವ ಕೆಲಸ ನಿಂತಿತು ಎಂಬುದು ಹತ್ತಕ್ಕೆ ಎಂಟೋ ಒಂಬತ್ತೋ ಎಂಬ ಅಂಕಕ್ಕಿಂತ ಹೆಚ್ಚು ಹೇಳುತ್ತದೆ. ಅಂದಹಾಗೆ, ಮೆಫ್ಟಾಲಿನಲ್ಲಿರುವ ಮೆಫೆನಮಿಕ್ ಆಸಿಡ್ ಕೆಲವರಲ್ಲಿ ತೀವ್ರ ಅಲರ್ಜಿಗೆ ಕಾರಣವಾಗಬಹುದೆಂದು ಭಾರತೀಯ ಔಷಧಕೋಶ ಆಯೋಗವೇ 2023ರ ಕೊನೆಗೆ ಎಚ್ಚರಿಸಿತ್ತು. ತಿಂಗಳಿಗೊಂದು ಸ್ಟ್ರಿಪ್ ಖಾಲಿಯಾಗುತ್ತಿದ್ದರೆ ಆ ಲೆಕ್ಕವೂ ಡಾಕ್ಟರಿಗೆ ಗೊತ್ತಾಗಬೇಕು.

ಬರೆದುಕೊಂಡು ಹೋದದ್ದನ್ನು ಹೇಳಲು ಬಾಯಿ ಸಿಗಬೇಕಲ್ಲ! ನಮ್ಮ ಒಪಿಡಿಗಳಲ್ಲಿ ಡಾಕ್ಟರು ‘ಏನಾಗುತ್ತಮ್ಮಾ?’ ಎಂದು ಮಗಳನ್ನು ಕೇಳಿದರೆ ಉತ್ತರ ತಾಯಿಯಿಂದ ಬರುತ್ತದೆ, ಸೊಸೆಯನ್ನು ಕೇಳಿದರೆ ಅತ್ತೆಯಿಂದ. ಗಂಡ ಜತೆಗಿದ್ದರೆ ಕುರ್ಚಿಯೂ ಅವನಿಗೇ. ಸಂಗಮದ ವೇಳೆ ನೋವಾಗುವುದು ಈ ಕಾಯಿಲೆಯ ಮುಖ್ಯ ಸುಳಿವುಗಳಲ್ಲೊಂದು. ಅತ್ತೆಯ ಎದುರು ಅದನ್ನು ಹೇಳುವವರು ಯಾರು? ‘ಡಾಕ್ಟ್ರ ಹತ್ರ ಎರಡು ನಿಮಿಷ ಒಬ್ಬಳೇ ಮಾತಾಡಬೇಕು’ ಎಂದು ನರ್ಸಿಗೆ ಮೊದಲೇ ಹೇಳಿಟ್ಟರೆ ಅವರೇ ಉಳಿದವರನ್ನು ಹೊರಗೆ ಕೂರಿಸುತ್ತಾರೆ. ಈ ಒಂದು ಕೆಲಸದಲ್ಲಿ ನರ್ಸುಗಳಷ್ಟು ನಿಪುಣರು ಬೇರೆ ಯಾರೂ ಇಲ್ಲ. ಜತೆಗೆ ಯಾರೂ ಬೇಡವೆಂದೇನಲ್ಲ. ಮಾತಾಡದೆ, ಡಾಕ್ಟರು ಹೇಳಿದ್ದನ್ನು ಬರೆದುಕೊಳ್ಳುವ ಅಕ್ಕನೋ ಗೆಳತಿಯೋ ಬಂದರೆ ಆನೆಬಲ.

ಪ್ರಶ್ನೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಎಂಬ ಅಂಜಿಕೆ ನಮ್ಮ ಜನಕ್ಕೆ ಬಹಳ. ಕೇಳುವ ರೀತಿಯಲ್ಲಿದೆ. ‘ನೀವು ಹೇಳಿದ್ದು ತಪ್ಪು’ ಎಂದರೆ ಯಾರಿಗಾದರೂ ಬೇಜಾರೇ. ‘ಈ ಸ್ಕ್ಯಾನಲ್ಲಿ ಕಾಣದೇ ಇರೋ ಕಾಯಿಲೆ ಯಾವುದಾದ್ರೂ ಇರಬಹುದಾ ಡಾಕ್ಟ್ರೇ?’ ಎಂದರೆ ಅವರೂ ಒಂದು ಗಳಿಗೆ ಯೋಚಿಸುತ್ತಾರೆ. ವೈದ್ಯರು ಯೋಚಿಸುವ ಬಗೆಯ ಕುರಿತೇ ಪುಸ್ತಕ ಬರೆದ ಅಮೆರಿಕದ ಡಾಕ್ಟರ್ ಜೆರೋಮ್ ಗ್ರೂಪ್‌ಮನ್ ರೋಗಿಗಳಿಗೆ ಹೇಳಿಕೊಡುವುದೂ ಇಂಥದ್ದನ್ನೇ: ಇದಲ್ಲದೆ ಬೇರೆ ಏನಿರಬಹುದು ಎಂದು ಕೇಳಿ. ಮೊದಲು ಹೊಳೆದ ಕಾಯಿಲೆಗೇ ಮನಸ್ಸು ಗಂಟುಬೀಳುವುದು ಡಾಕ್ಟರಿಗೂ ಇರುವ ಮನುಷ್ಯ ಸ್ವಭಾವ. ಆ ಪ್ರಶ್ನೆ ಗಂಟನ್ನು ಸಡಿಲಿಸುತ್ತದೆ. ಮಾತ್ರೆ ಬರೆದುಕೊಟ್ಟಾಗ ‘ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಆಗದಿದ್ರೆ ಮುಂದೇನು?’ ಎಂದು ಕೇಳಿಯೇ ಏಳಬೇಕು. ಹಾಗೆ ಕೇಳಿ ಬಂದವರು ಎರಡನೇ ಸಲ ಹೋದಾಗ ಮೊದಲಿಂದ ಶುರುಮಾಡಬೇಕಾಗುವುದಿಲ್ಲ.

ಮೊದಲಿಂದ ಶುರುಮಾಡುವುದೇ ದೊಡ್ಡ ನಷ್ಟ. ಒಬ್ಬರಲ್ಲಿ ಗುಣವಾಗಲಿಲ್ಲವೆಂದು ಇನ್ನೊಬ್ಬರು, ಅಲ್ಲಿಂದ ಮತ್ತೊಬ್ಬರು ಎಂದು ಅಲೆಯುವವರು ಹಳೆಯ ಚೀಟಿಗಳನ್ನು ಬಚ್ಚಿಡುತ್ತಾರೆ, ‘ಇವರೇ ಹೊಸದಾಗಿ ನೋಡಲಿ’ ಎಂದು. ಅವರು ಅದೇ ರಕ್ತಪರೀಕ್ಷೆ, ಅದೇ ಸ್ಕ್ಯಾನ್ ಮತ್ತೆ ಬರೆಯುತ್ತಾರೆ. ದುಡ್ಡು ಹೋಯಿತು, ಆರು ತಿಂಗಳೂ ಹೋಯಿತು. ಎರಡನೇ ಅಭಿಪ್ರಾಯ ಖಂಡಿತ ಪಡೆಯಬೇಕು, ಆದರೆ ಹಳೆಯ ಫೈಲನ್ನು ಮೇಜಿನ ಮೇಲಿಟ್ಟು. ಬಟ್ಟೆ ಅಂಗಡಿಯ ಕವರಿನಲ್ಲಿ ಮಡಚಿ ತುರುಕಿದ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಮೇಲೊಂದು ಹಾಳೆಯಲ್ಲಿ ಯಾವಾಗ, ಏನು ಮಾತ್ರೆ, ಏನಾಯಿತು ಎಂದು ಹತ್ತು ಸಾಲು ಬರೆದರೆ ಸಾಕು.

ಆ ಫೈಲು ನಿಮ್ಮ ಹಕ್ಕು. ಒಳರೋಗಿಯ ದಾಖಲೆಗಳನ್ನು ವೈದ್ಯರು ಮೂರು ವರ್ಷ ಇಟ್ಟುಕೊಂಡಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು; ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೇ ಅಭಿಪ್ರಾಯ ಪಡೆಯುವ ಹಕ್ಕೂ, ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಆರಿಸಿಕೊಳ್ಳುವ ಹಕ್ಕೂ ಇವೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ಡಾಕ್ಟರುಗಳ ಮುಷ್ಕರ ನಡೆದದ್ದು ಹಲವರಿಗೆ ನೆನಪಿರಬಹುದು. ಆ ತಿದ್ದುಪಡಿಯಿಂದ ರೋಗಿಗಳ ಸನ್ನದು ಕಾನೂನಿನೊಳಗೆ ಬಂತು, ದೂರು ಹೇಳಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರವೂ ಬಂತು. ದೂರಿನ ತನಕ ಹೋಗುವ ಅಗತ್ಯ ಬಹುತೇಕರಿಗೆ ಬೀಳುವುದಿಲ್ಲ. ‘ಫೈಲ್ ಕೊಡೋಕಾಗಲ್ಲ’ ಎನ್ನುವ ಕೌಂಟರಿನಲ್ಲಿ ನಿಯಮದ ಹೆಸರು ಹೇಳಿ ಲಿಖಿತ ಅರ್ಜಿ ಕೊಟ್ಟರೆ ದನಿ ಬದಲಾಗುತ್ತದೆ.

ತಪಾಸಣೆಯ ಕ್ರಮವೂ ಬದಲಾಗಿದೆ. ಹೊಟ್ಟೆಗೆ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೋಸ್ಕೋಪಿಯಲ್ಲಿ ಕಂಡರಷ್ಟೇ ಎಂಡೊಮೆಟ್ರಿಯೋಸಿಸ್ ಎಂದು ಹಿಂದೆ ಒಪ್ಪುತ್ತಿದ್ದರು. ಯುರೋಪಿನ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಅದನ್ನು ಸಡಿಲಿಸಿತು. ಲಕ್ಷಣ ನೋಡಿ ಸಂಶಯ ಬಂದರೆ ಹಾರ್ಮೋನ್ ಮಾತ್ರೆ ಶುರುಮಾಡಬಹುದು, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗಲೋ ಮಾತ್ರೆಗೆ ಬಗ್ಗದಿದ್ದಾಗಲೋ ಲ್ಯಾಪರೋಸ್ಕೋಪಿ. ನಮ್ಮಲ್ಲಿ ಇದಕ್ಕೆ ಅಡ್ಡ ಬರುವುದು ಮಾತ್ರೆಯ ಹೆಸರು. ‘ಮದುವೆಯಾಗದ ಹುಡುಗಿಗೆ ಗರ್ಭನಿರೋಧಕ ಮಾತ್ರೆಯಾ!’ ಎಂದು ತಾಯಿ ಚೀಟಿ ಹರಿದುಹಾಕುವುದುಂಟು. ಇಲ್ಲಿ ಮಗಳು ವಾದಿಸಬೇಕಿರುವುದು ಡಾಕ್ಟರ ಜತೆಗಲ್ಲ, ಅಮ್ಮನ ಜತೆ. ಅದು ಇನ್ನೂ ಕಷ್ಟ.

ಮುಟ್ಟಿನ ನೋವನ್ನು ಸರ್ಕಾರವೂ ಗಮನಿಸಿದೆ: ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ತಿಂಗಳು ತಿಂಗಳು ಆ ರಜೆ ಸಾಲದವರು ರಜೆಯ ಅರ್ಜಿಯ ಜತೆಗೆ ಡಾಕ್ಟರ ಚೀಟಿಯನ್ನೂ ಬರೆಸಬೇಕು.

ತಡವಾದ ತಪಾಸಣೆಗೆ ನಮ್ಮಲ್ಲಿ ಇನ್ನೊಂದು ಮುಖವಿದೆ, ಆತುರದ ಚಿಕಿತ್ಸೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. ಬೆನ್ನುನೋವು, ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರು ಚಿಕ್ಕ ವಯಸ್ಸಿಗೇ ಗರ್ಭಕೋಶ ಕಳೆದುಕೊಂಡು ಬಂದಿದ್ದರು. ಅವರ ಜತೆ ನಿಂತದ್ದು ಕರ್ನಾಟಕ ಜನಾರೋಗ್ಯ ಚಳವಳಿ. ನೋವಿಗೆ ಹೆಸರು ಹುಡುಕುವ ಬದಲು ಅಂಗವನ್ನೇ ತೆಗೆದುಬಿಡುವ ಈ ದಾರಿ ಬಡವರಿಗೇ ಹೆಚ್ಚು ತೆರೆದಿರುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಮಾರ್ಗಸೂಚಿ ಮಾಡಿತು. ರಾಜ್ಯಗಳು ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ಹೇಳಿತು.

ಅದೇ ನ್ಯಾಯಾಲಯ 2008ರ ಜನವರಿಯಲ್ಲಿ ಕೊಟ್ಟ ಇನ್ನೊಂದು ತೀರ್ಪು ಇಲ್ಲಿ ನೇರವಾಗಿ ಬೇಕಾದದ್ದು. 44 ವರ್ಷದ ಅವಿವಾಹಿತೆಯೊಬ್ಬರು ಹೆಚ್ಚು ರಕ್ತಸ್ರಾವವೆಂದು 1995ರಲ್ಲಿ ಕ್ಲಿನಿಕ್ಕಿಗೆ ಹೋಗಿದ್ದರು. ಲ್ಯಾಪರೋಸ್ಕೋಪಿ ಮಾಡಿ ನೋಡುವುದಕ್ಕೆ ಒಪ್ಪಿ ಸಹಿ ಹಾಕಿದ್ದರು. ಅರಿವಳಿಕೆಯಲ್ಲಿ ಮಲಗಿದ್ದಾಗ ಒಳಗೆ ಎಂಡೊಮೆಟ್ರಿಯೋಸಿಸ್ ಕಂಡಿತು. ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಪ್ರಾಣಾಪಾಯವೇನೂ ಇರಲಿಲ್ಲ. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಬುದ್ಧಿ ನೆಟ್ಟಗಿರುವ ವಯಸ್ಕಳ ಪರವಾಗಿ ತಾಯಿ ಒಪ್ಪುವಂತಿಲ್ಲ ಎಂದಿತು ನ್ಯಾಯಾಲಯ. ಆಪರೇಷನ್ನಿನ ಶುಲ್ಕ ಪಡೆಯುವಂತಿಲ್ಲ, ಮೇಲೆ 25,000 ರೂಪಾಯಿ ಪರಿಹಾರ ಕೊಡಬೇಕೆಂದಿತು. ಹದಿಮೂರು ವರ್ಷಕ್ಕೆ ಆ ಮೊತ್ತ ಏನೇನೂ ಅಲ್ಲ. ತೀರ್ಪು ಮಾತ್ರ ಇವತ್ತಿಗೂ ಆಪರೇಷನ್ ಥಿಯೇಟರಿನ ಬಾಗಿಲವರೆಗೆ ರೋಗಿಯ ಜತೆ ಬರುತ್ತದೆ.

ಲ್ಯಾಪರೋಸ್ಕೋಪಿಗೆ ಹೋಗುವ ಹಿಂದಿನ ಸಂಜೆ ವಾರ್ಡಿಗೆ ಒಂದು ಫಾರಂ ಬರುತ್ತದೆ. ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೊಡಿ ಅಥವಾ ಓದಿ ಹೇಳಿ ಎಂದು ಕೇಳಬಹುದು. ಅದರಲ್ಲಿ ‘ಅಗತ್ಯ ಬಿದ್ದರೆ ಇತರ ಶಸ್ತ್ರಚಿಕಿತ್ಸೆ’ ಎಂಬಂಥ ಸಾಲೊಂದು ಇರಬಹುದು. ಇತರ ಎಂದರೆ ಏನೇನು, ಗಂಟುಗಳನ್ನಷ್ಟೇ ತೆಗೆಯುತ್ತೀರಾ, ಸಿಸ್ಟ್ ಇದ್ದರೆ ಅಂಡಾಶಯ ಉಳಿಯುತ್ತದಾ, ಅಂಡಾಶಯ ಬೇಗ ಹೋದರೆ ಮೂಳೆಗೆ ಹೃದಯಕ್ಕೆ ಏನಾಗುತ್ತದೆ, ಆಪರೇಷನ್ ಆದ ಮೇಲೂ ಕಾಯಿಲೆ ಮರಳುತ್ತದಾ ಎಂದು ಸರ್ಜನ್ನರನ್ನೇ ಕರೆಸಿ ಕೇಳಬೇಕು. ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಗರ್ಭಕೋಶ, ಅಂಡಾಶಯ ತೆಗೆಯುವ ಮುನ್ನ ನನಗೆ ಎಚ್ಚರವಾಗಲಿ, ನನ್ನನ್ನೇ ಕೇಳಿ ಎಂದು ಆ ಸಾಲಿನ ಪಕ್ಕದಲ್ಲೇ ಸ್ವಂತ ಕೈಬರಹದಲ್ಲಿ ಬರೆದು, ಅದರ ಕೆಳಗೆ ಸಹಿ ಹಾಕಬಹುದು. ಹಾಕುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬಹುದು. ನರ್ಸು ಆತುರ ಮಾಡಿದರೆ, ಮಾಡಲಿ.